ಭಾನುಮತಿಯ ನೆತ್ತ ಮತ್ತು ಸಾಮಂತನ ನಿಷ್ಠೆ: ಪಂಪಭಾರತದ ಒಂಬತ್ತನೆಯ ಆಶ್ವಾಸವನ್ನು ಕುರಿತು

ವೇಮುಲವಾಡದ ಇಮ್ಮಡಿ ಅರಿಕೇಸರಿಯನ್ನು ಪಂಪ ಅರ್ಜುನನೊಡನೆ ಸಮೀಕರಿಸಿದ. ಓದುಗರ ಮನಸ್ಸು ಮಾತ್ರ ಕರ್ಣನ ಕಡೆಗೇ ವಾಲಿತು. ಇದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ. ಕಾವ್ಯದ ಕಾಲ 941ರ ಆಸುಪಾಸು. ಕವಿಗೆ ಧರ್ಮವುರ ಅಗ್ರಹಾರ ದೊರೆತದ್ದನ್ನು ತಮ್ಮ ಜಿನವಲ್ಲಭ ಬರೆಯಿಸಿದ ಕುರ್ಕ್ಯಾಲ ಶಾಸನವೂ ಹೇಳುತ್ತದೆ. ಕಾವ್ಯಾಂತ್ಯದಲ್ಲಿ ಪಾತ್ರಗಳ ಗುಣಗಳನ್ನು ಎಣಿಸುವಾಗ ಕವಿ ಮೊದಲು ಹೆಸರಿಸುವುದು ದುರ್ಯೋಧನನನ್ನು.

ಇಷ್ಟರಿಂದ ಒಂದು ತೀರ್ಮಾನ ರೂಢಿಯಾಗಿದೆ: ಆಶ್ರಯದಾತನ ಹಂಗಿನಲ್ಲಿದ್ದ ಕವಿ ತನ್ನ ಅಸಮಾಧಾನವನ್ನು ಕರ್ಣನ ಮರೆಯಲ್ಲಿ ಹೇಳಿಕೊಂಡ. ಕೇಳಲು ಚೆನ್ನಾಗಿದೆ. ಆದರೆ ಒಂಬತ್ತನೆಯ ಆಶ್ವಾಸವನ್ನು ನಿಧಾನವಾಗಿ ಓದಿದರೆ ಇದು ನಿಲ್ಲುವುದು ಕಷ್ಟ.

ಕೃಷ್ಣ ಜನ್ಮರಹಸ್ಯ ತಿಳಿಸಿ ಕರೆದಾಗ ಕರ್ಣ ನೆನೆಯುವುದು ಅಂಗರಾಜ್ಯವನ್ನಲ್ಲ, ಒಂದು ನೆತ್ತದಾಟವನ್ನು. ಭಾನುಮತಿ ಸೋತಳು, ಸೋತದ್ದನ್ನು ಕೊಡೆಂದು ಕಾಡುವಾಗ ಅವಳ ಲಂಬಣ, ಅಂದರೆ ಮುತ್ತಿನ ಹಾರ, ಹರಿಯಿತು. ಅರಸ ಮುತ್ತು ಹಾಳಾದುದನ್ನಷ್ಟೇ ಕಂಡ. ಅಂಥವನನ್ನು ಬಿಟ್ಟು ನಿಮ್ಮನ್ನು ಕೂಡಿಕೊಂಡರೆ ನಾನು ಹೀನನಾಗುವುದಿಲ್ಲವೇ ಎಂಬುದು ಕರ್ಣನ ಪ್ರಶ್ನೆ.

ಕಾಡಿದವನು ಯಾರು ಎಂಬುದು ಹಳೆಯ ಜಗಳ. ಕರ್ಣನೇ ಎಂದು ಒಂದು ಪಕ್ಷ. ಅಂತಃಪುರದ ಮರ್ಯಾದೆಗೆ ಒಪ್ಪುವಂತೆ, ದುರ್ಯೋಧನನೇ ಹೆಂಡತಿಯೊಡನೆ ಆಡಿದ ಎಂದು ಇನ್ನೊಂದು ಪಕ್ಷ. 'ಕಾಡುತ್ತಿರೆ' ಎಂಬ ಸತಿಸಪ್ತಮಿಯನ್ನು ಹಿಡಿದು ಮೊದಲ ಪಕ್ಷವನ್ನು ಸಾಧಿಸಬಹುದೆಂದು ನಾನೂ ಬಹುಕಾಲ ನಂಬಿದ್ದೆ. ಈ ರೂಪ ಬಂದರೆ ಮುಂದಿನ ಕ್ರಿಯೆಯ ಕರ್ತೃ ಸಾಮಾನ್ಯವಾಗಿ ಬೇರೆ. ನೋಡಿದವನು ಅರಸನಾದ್ದರಿಂದ ಕಾಡಿದವನು ಅರಸನಲ್ಲ, ಎಂದು ವಾದ. ಆದರೆ ನಡುವೆ ಹಾರ ಹರಿದುದನ್ನು ಹೇಳುವ ಇನ್ನೊಂದು ಸತಿಸಪ್ತಮಿಯಿದೆ. ಅದರ ಕರ್ತೃ ಲಂಬಣ. ಕರ್ತೃಭೇದ ಅಲ್ಲಿಗೇ ಪೂರೈಸಿಹೋಗುತ್ತದೆ. ವ್ಯಾಕರಣ ಇಲ್ಲಿ ಯಾವ ಪಕ್ಷಕ್ಕೂ ಸಾಕ್ಷಿ ನುಡಿಯುವುದಿಲ್ಲ.

ನನ್ನನ್ನು ಕರ್ಣನ ಪಕ್ಷಕ್ಕೆ ಒಯ್ಯುವುದು 'ಕೇಡನೆ' ಎಂಬಲ್ಲಿನ ಅವಧಾರಣೆ. ಮುತ್ತಿನ ಕೇಡನ್ನು 'ಮಾತ್ರ' ನೋಡಿದ ಎನ್ನಬೇಕಾದರೆ, ನೋಡಬಹುದಾಗಿದ್ದ, ನೋಡದೆ ಬಿಟ್ಟ ಇನ್ನೊಂದು ಅಲ್ಲಿರಬೇಕು. ಗಂಡನೇ ಕಾಡಿದ್ದರೆ ಕಂಡೂ ಕಾಣದಿರಲು ಏನಿತ್ತು? ಆ ಒಂದು ಎಕಾರದಲ್ಲಿ ಅರಸನ ನಂಬಿಕೆಯೆಲ್ಲ ಅಡಗಿದೆ.

ಇದೇ ಆಶ್ವಾಸದ ಗದ್ಯದಲ್ಲಿ ಅರಿಕೇಸರಿಯ ಸ್ವಂತ ಚರಿತ್ರೆ ಬರುತ್ತದೆ. ಮರೆಹೊಕ್ಕ ಚಾಲುಕ್ಯ ವಿಜಯಾದಿತ್ಯನನ್ನು ಅವನು ಕಾದ. ಚಕ್ರವರ್ತಿ ಗೊಜ್ಜಿಗ, ಎಂದರೆ ನಾಲ್ವಡಿ ಗೋವಿಂದ, ಕಳಿಸಿದ ಸಾಮಂತರನ್ನು ಹಿಮ್ಮೆಟ್ಟಿಸಿದ. ಸಾಮ್ರಾಜ್ಯವನ್ನು ಬದ್ದೆಗನಿಗೆ ನಿಲ್ಲಿಸಿಕೊಟ್ಟ. ಒಡೆಯನನ್ನು ಬಿಡಲೊಲ್ಲದ ಕರ್ಣ, ಒಡೆಯನನ್ನೇ ಇಳಿಸಿದ ಅರಿಕೇಸರಿ ಒಂದೇ ಆಶ್ವಾಸದಲ್ಲಿದ್ದಾರೆ. ಇದು ಆಶ್ರಯದಾತನ ಮೇಲಿನ ಕೊಂಕು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಆಧಾರ ಸಿಗಲಾರದು.

ಆದರೂ ಇದು ಕೊಂಕಲ್ಲ ಎಂದು ನನಗೆ ತೋರುತ್ತದೆ. ಇಬ್ಬರ ವಿಷಯದಲ್ಲೂ ಪಂಪ ಅರಸುತನವನ್ನು ಅಳೆಯುತ್ತಿರುವುದು ಆಳಿನ ಕಣ್ಣಿನಿಂದ, ಕೆಳಗಿನಿಂದ. ಮೈಮರೆತ ಗಳಿಗೆಯಲ್ಲೂ ಆಳನ್ನು ಶಂಕಿಸದವನು ದುರ್ಯೋಧನ; ಆಳಿನ ಮರೆಹೊಕ್ಕವನನ್ನೇ ಒಪ್ಪಿಸೆಂದವನು ಗೊಜ್ಜಿಗ. ಒಬ್ಬನಿಗೆ ಪ್ರಾಣ ಸಲ್ಲುತ್ತದೆ, ಇನ್ನೊಬ್ಬನಿಗೆ ಸಿಂಹಾಸನ ತಪ್ಪುತ್ತದೆ, ಅಳತೆಗೋಲು ಒಂದೇ. ಪಂಪ ಇದನ್ನು ತತ್ತ್ವವಾಗಿ ಎಲ್ಲಿಯೂ ಹೇಳಿಲ್ಲ, ಗೊಜ್ಜಿಗನ ಪ್ರಸಂಗವನ್ನು ಹೊಗಳಿಕೆಯ ಭಾಗವಾಗಿಯೇ ತಂದಿದ್ದಾನೆ ಎಂಬುದನ್ನು ಒಪ್ಪುತ್ತೇನೆ. ಎರಡು ಪ್ರಸಂಗಗಳ ಸಾಮೀಪ್ಯ ಆಕಸ್ಮಿಕವೂ ಇರಬಹುದು.

ಹೊರಗಿನ ಸಾಕ್ಷ್ಯ ಈ ಊಹೆಗೆ ತುಸು ಬಲ ಕೊಡುತ್ತದೆ. ಮುಮ್ಮಡಿ ಕೃಷ್ಣನ 940ರ ದೇವಳಿ ತಾಮ್ರಪಟ ಗೋವಿಂದನ ಪತನಕ್ಕೆ ಅವನ ಸ್ತ್ರೀಲೋಲತೆಯನ್ನು ಕಾರಣವಾಗಿ ಹೇಳಿ, ಬದ್ದೆಗ ಪಟ್ಟಕ್ಕೆ ಬಂದದ್ದು ಸಾಮಂತರ ಪ್ರಾರ್ಥನೆಯಿಂದ ಎನ್ನುತ್ತದೆ. ಅರಿಕೇಸರಿಯ ಹೆಸರಿಲ್ಲ, ನಿಜ. ಆದರೆ ಅರಸನ ನಡತೆ ಸಾಮಂತರ ವಿಚಾರಣೆಗೆ ಒಳಪಟ್ಟದ್ದೆಂಬುದನ್ನು ಚಕ್ರವರ್ತಿಯ ಮನೆಯೇ ಒಪ್ಪಿಕೊಂಡಂತಾಯಿತು. ಕೆಲವೇ ವರ್ಷಗಳ ಈಚಿನ ಆತಕೂರು ಶಾಸನದಲ್ಲಿ ಬೂತುಗ ಮೆಚ್ಚಿ ಬೇಡು ಎಂದಾಗ ಮಣಲೆರ ಕೇಳಿದ್ದು ಕಾಳಿ ಎಂಬ ನಾಯಿಯನ್ನು! ಒಡೆಯನಿಗೂ ಆಳಿಗೂ ಇದ್ದ ಸಲಿಗೆಯ ಈ ಬೆಲೆ ಅರಿಯದೆ ನೆತ್ತದ ಪದ್ಯವನ್ನು ಓದಲಾಗದು.

ಉಳಿಯುವ ತೊಡಕು ದ್ರೌಪದಿಯದು. ಆಳಿನ ಕಣ್ಣಿಗೆ ಭೂಪೋತ್ತಮನಾದವನ ಸಭೆಯಲ್ಲೇ ಅವಳ ಮುಡಿಗೆ ಕೈಯಿಕ್ಕಿದ್ದು. ಅವಳು ಯಾರ ಆಳೂ ಅಲ್ಲ. ಹಾಗಾಗಿ ನಾನು ಮೇಲೆ ಹೇಳಿದ ಅಳತೆಗೋಲಿಗೆ ಅವಳು ಸಿಗುವುದಿಲ್ಲ. ಆ ಮುಡಿಯನ್ನು ಕಾವ್ಯದುದ್ದಕ್ಕೂ ಮರೆಯಗೊಡದ ಪಂಪನ ಬಳಿ ಎರಡನೆಯ ಅಳತೆಗೋಲೊಂದು ಇದ್ದಿರಬೇಕು. ಅದನ್ನು ಹುಡುಕಲು ಏಳನೆಯ ಆಶ್ವಾಸದಿಂದಲೇ ಮತ್ತೆ ಓದಬೇಕಾಗುತ್ತದೆ.