ಕುಡಿದದ್ದೆಷ್ಟು, ಉಳಿದದ್ದೆಷ್ಟು: ಪಾನೀಯಗಳ ಜಲಧಾರಣೆಯನ್ನು ಅಳೆದ ಇತಿಹಾಸ

ಕುಡಿದ ನೀರೆಲ್ಲ ದೇಹದಲ್ಲಿ ನಿಲ್ಲುವುದಿಲ್ಲ. ಎಷ್ಟು ನಿಲ್ಲುತ್ತದೆ ಎಂಬುದು ಆ ನೀರಿನ ಜೊತೆಗೆ ಏನೇನು ಬೆರೆತಿದೆ, ಕುಡಿದವರ ದೇಹ ಆಗ ಯಾವ ಸ್ಥಿತಿಯಲ್ಲಿತ್ತು ಎಂಬುದರ ಮೇಲೆ ನಿಂತಿದೆ. ಗಂಟಲಿನಿಂದ ಇಳಿದ ಪಾನೀಯ ಮೂರು ಬಾಗಿಲುಗಳನ್ನು ದಾಟಬೇಕು. ಮೊದಲು ಜಠರ ಅದನ್ನು ಕೆಳಗೆ ಬಿಡಬೇಕು, ಬಳಿಕ ಸಣ್ಣ ಕರುಳು ಅದನ್ನು ರಕ್ತಕ್ಕೆ ಹೀರಿಕೊಳ್ಳಬೇಕು, ಕೊನೆಗೆ ಮೂತ್ರಪಿಂಡ ಅದನ್ನು ಹೊರಗೆ ಕಳಿಸದೆ ಉಳಿಸಿಕೊಳ್ಳಬೇಕು. ಈ ಮೂರು ಬಾಗಿಲುಗಳನ್ನು ಪರೀಕ್ಷಿಸಿದವರು ಬೇರೆ ಬೇರೆ ಕಾಲದವರು, ಬೇರೆ ಬೇರೆ ಕಸುಬಿನವರು. ಕಾಲರಾ ವೈದ್ಯರು ಕರುಳನ್ನು ನೋಡಿದರು, ಔಷಧಶಾಸ್ತ್ರಜ್ಞರು ಮೂತ್ರಪಿಂಡವನ್ನು ನೋಡಿದರು, ಕ್ರೀಡಾ ವಿಜ್ಞಾನಿಗಳು ಮೂರನ್ನೂ ಒಟ್ಟಿಗೆ ಅಳೆಯಲು ಹೊರಟರು. ಪಾನೀಯಗಳನ್ನು ಒಂದೇ ಪಟ್ಟಿಯಲ್ಲಿಟ್ಟು ಅಂಕ ಕೊಟ್ಟ ಕೆಲಸ 2016ರಷ್ಟು ಈಚಿನದು. ಆದರೆ ಆ ಪಟ್ಟಿಯ ಮೇಲ್ತುದಿಗೆ ಬಂದ ಪಾನೀಯಗಳಲ್ಲೊಂದು ಹುಟ್ಟಿದ್ದು ಕಾಲರಾ ವಾರ್ಡಿನಲ್ಲಿ ಎಂಬುದು ಈ ಇತಿಹಾಸದ ಮುಖ್ಯ ಸಂಗತಿ.

1831ರ ಕೊನೆಯಲ್ಲಿ ಕಾಲರಾ ಇಂಗ್ಲೆಂಡನ್ನು ಮುಟ್ಟಿದಾಗ ವಿಲಿಯಂ ಬ್ರೂಕ್ ಓಶಾಗ್ನೆಸಿ ಎಂಬ ತರುಣ ವೈದ್ಯ ರೋಗಿಗಳ ರಕ್ತವನ್ನು ರಾಸಾಯನಿಕವಾಗಿ ಪರೀಕ್ಷಿಸಿದ. ರಕ್ತ ನೀರನ್ನಷ್ಟೇ ಕಳೆದುಕೊಂಡಿರಲಿಲ್ಲ, ಲವಣಗಳನ್ನೂ ಕಳೆದುಕೊಂಡಿತ್ತು. ಈ ಮಾತನ್ನು ಹಿಡಿದು ಮರುವರ್ಷ ಸ್ಕಾಟ್ಲೆಂಡಿನ ಲೀತ್ ಊರಿನಲ್ಲಿ ಥಾಮಸ್ ಲಾಟ ರೋಗಿಗಳ ರಕ್ತನಾಳಕ್ಕೆ ಉಪ್ಪುನೀರು ಹರಿಸಿದ. ಸಾವಿನ ಅಂಚಿಗೆ ಹೋಗಿದ್ದ ಕೆಲವರು ಚೇತರಿಸಿಕೊಂಡರು. ಆದರೂ ಈ ಚಿಕಿತ್ಸೆ ಬೇಗನೆ ಮೂಲೆ ಸೇರಿತು. ಕಳೆದುಕೊಂಡದ್ದು ನೀರು ಮಾತ್ರವಲ್ಲ, ಉಪ್ಪೂ ಹೌದು ಎಂಬ ಅರಿವು ಮಾತ್ರ ಮುಂದಿನ ಎಲ್ಲ ಪರೀಕ್ಷೆಗಳಿಗೂ ಬುನಾದಿಯಾಯಿತು.

ಅದೇ ಅರಿವು ಮತ್ತೆ ಮೇಲೆ ಬಂದದ್ದು ದುಡಿಮೆಯ ಜಾಗದಲ್ಲಿ. ಆಳವಾದ ಬಿಸಿ ಗಣಿಗಳಲ್ಲಿ ಬೆವರು ಸುರಿಸಿ ಕೊಡಗಟ್ಟಲೆ ನೀರು ಕುಡಿಯುತ್ತಿದ್ದ ಇಂಗ್ಲೆಂಡಿನ ಕಲ್ಲಿದ್ದಲು ಕಾರ್ಮಿಕರಿಗೆ ಕೈಕಾಲು ಸೆಳೆತ ಬರುತ್ತಿತ್ತು. 1920ರ ದಶಕದ ಮೊದಲ ಭಾಗದಲ್ಲಿ ಕೆ. ನೆವಿಲ್ ಮಾಸ್ ಈ ಸೆಳೆತವನ್ನು ಅಧ್ಯಯನ ಮಾಡಿ, ಬೆವರಿನಲ್ಲಿ ಹೋದ ಉಪ್ಪು ಮರಳದೆ ಬರಿಯ ನೀರು ತುಂಬಿಕೊಳ್ಳುವುದೇ ಇದಕ್ಕೆ ಕಾರಣವೆಂದೂ ಕುಡಿಯುವ ನೀರಿಗೆ ಸ್ವಲ್ಪ ಉಪ್ಪು ಬೆರೆಸಬೇಕೆಂದೂ ಸೂಚಿಸಿದರು. ಎರಡನೆಯ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಇ. ಎಫ್. ಅಡಾಲ್ಫ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಸೈನಿಕರನ್ನು ನಡೆಸಿ, ತೂಗಿ, ಕುಡಿಸಿ, ಮತ್ತೆ ತೂಗಿದರು. ಪಕ್ಕದಲ್ಲೇ ನೀರಿದ್ದರೂ ಮನುಷ್ಯ ಬಾಯಾರಿಕೆಯ ಮಾತನ್ನಷ್ಟೇ ಕೇಳಿ ಕುಡಿದರೆ ಬೆವರಿನ ನಷ್ಟವನ್ನು ಆಗಿಂದಾಗಲೇ ತುಂಬಿಕೊಳ್ಳುವುದಿಲ್ಲ ಎಂದು ಅವರು ಕಂಡರು. ಈ ಕೆಲಸ 1947ರಲ್ಲಿ ಪುಸ್ತಕವಾಗಿ ಬಂತು. ಕುಡಿಯುವ ಮುಂಚೆ ಮತ್ತು ಆಮೇಲೆ ದೇಹದ ತೂಕ ನೋಡುವ ಸರಳ ಕ್ರಮ ಇಂದಿಗೂ ಪ್ರಯೋಗಾಲಯಗಳಲ್ಲಿ ಉಳಿದಿದೆ.

ಮೂತ್ರಪಿಂಡದ ಕಡೆಯ ವಿಚಾರಣೆ ಶುರುವಾದದ್ದು ಕಾಫಿ ಮತ್ತು ಮದ್ಯದಿಂದ. ಕೆಫೀನ್ ಮೂತ್ರವನ್ನು ಹೆಚ್ಚಿಸುತ್ತದೆ ಎಂಬುದು ಮೊದಲೇ ತಿಳಿದಿತ್ತು. 1928ರಲ್ಲಿ ಎಡ್ಡಿ ಮತ್ತು ಡೌನ್ಸ್ ಇದಕ್ಕೊಂದು ಮುಖ್ಯವಾದ ತಿದ್ದುಪಡಿ ಸೇರಿಸಿದರು: ನಿತ್ಯ ಕೆಫೀನ್ ಸೇವಿಸುವವರಲ್ಲಿ ಆ ಪರಿಣಾಮ ಕುಗ್ಗುತ್ತದೆ, ಕೆಲವು ವಾರ ಬಿಟ್ಟರೆ ಮತ್ತೆ ಮರಳುತ್ತದೆ. ಅವರ ಪ್ರಯೋಗದಲ್ಲಿದ್ದವರು ಕೇವಲ ಮೂವರು. ಕಾಫಿ ದೇಹವನ್ನು ಒಣಗಿಸುತ್ತದೆ ಎಂಬ ನಂಬಿಕೆ ಇಡೀ ಇಪ್ಪತ್ತನೆಯ ಶತಮಾನ ಉಳಿದುಕೊಂಡಿತು, ಎಡ್ಡಿ ಮತ್ತು ಡೌನ್ಸ್ ಹೇಳಿದ ಅಭ್ಯಾಸಬಲದ ಮಾತು ಹಿಂದೆ ಸರಿಯಿತು. ಮದ್ಯದ ವಿಷಯದಲ್ಲಿ 1942ರಲ್ಲಿ ಗ್ರೇಸ್ ಎಗಲ್ಟನ್ ಮನುಷ್ಯರ ಮೇಲೆ ನಡೆಸಿದ ಪ್ರಯೋಗಗಳು ಹೆಸರಾದವು. ಪಿಟ್ಯುಟರಿ ಗ್ರಂಥಿಯಿಂದ ಸ್ರವಿಸುವ ಒಂದು ಹಾರ್ಮೋನ್ ಮೂತ್ರಪಿಂಡಕ್ಕೆ ನೀರನ್ನು ಹಿಡಿದಿಡು ಎಂದು ಹೇಳುತ್ತದೆ, ಮದ್ಯ ಆ ಆಣತಿಯನ್ನು ಅಡಗಿಸುತ್ತದೆ. ರಕ್ತದ ಸಾಂದ್ರತೆ ಏರಿದಾಗ ಈ ಹಾರ್ಮೋನ್ ಬಿಡುಗಡೆಯಾಗುವ ಬಗೆಯನ್ನು ಇ. ಬಿ. ವರ್ನೀ 1947ರಲ್ಲಿ ವಿವರಿಸಿದರು. ಗಟಗಟನೆ ಕುಡಿದ ಬರಿಯ ನೀರು ಬೇಗ ಹೊರಹೋಗುವುದೇಕೆ ಎಂಬುದಕ್ಕೂ ಇದರಲ್ಲೇ ಉತ್ತರವಿದೆ. ನೀರು ರಕ್ತವನ್ನು ತೆಳುಮಾಡುತ್ತದೆ, ಹಾರ್ಮೋನ್ ಇಳಿಯುತ್ತದೆ, ಮೂತ್ರಪಿಂಡ ಬಾಗಿಲು ತೆರೆಯುತ್ತದೆ.

ಕರುಳಿನ ಬಾಗಿಲಿನ ಗುಟ್ಟು ಬಿಡಿಸಿದ ಕೆಲಸದಲ್ಲಿ ಬಂಗಾಳದ ಪಾಲು ದೊಡ್ಡದು. 1953ರಲ್ಲಿ ಕಲ್ಕತ್ತೆಯ ಹೇಮೇಂದ್ರನಾಥ ಚಟರ್ಜಿ ಕಾಲರಾ ರೋಗಿಗಳಿಗೆ ಉಪ್ಪು ಮತ್ತು ಗ್ಲುಕೋಸ್ ಬೆರೆಸಿದ ನೀರನ್ನು ಬಾಯಿಯ ಮೂಲಕವೇ ಕೊಟ್ಟು ಅದನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಮಾಡಿದರು. ಒಳಹೋದದ್ದು, ಹೊರಬಂದದ್ದು ಎರಡನ್ನೂ ಅಳೆದ ಲೆಕ್ಕ ಅದರಲ್ಲಿ ಇಲ್ಲದ್ದರಿಂದ ಅದಕ್ಕೆ ಸಲ್ಲಬೇಕಾದ ಗಮನ ಸಲ್ಲಲಿಲ್ಲ. 1960ರಲ್ಲಿ ರಾಬರ್ಟ್ ಕ್ರೇನ್, ಕರುಳಿನ ಗೋಡೆಯಲ್ಲಿ ಗ್ಲುಕೋಸ್ ಮತ್ತು ಸೋಡಿಯಂ ಒಟ್ಟಿಗೇ ಒಳಸಾಗುತ್ತವೆ ಎಂಬ ವಿವರಣೆಯನ್ನು ಪ್ರಾಗ್ ನಗರದಲ್ಲಿ ಮಂಡಿಸಿದರು. ಇವೆರಡು ಒಳಗೆ ಹೋದಲ್ಲಿಗೆ ನೀರೂ ಹಿಂಬಾಲಿಸುತ್ತದೆ.

ಚಟರ್ಜಿಯವರ ವರದಿಯಲ್ಲಿ ಇಲ್ಲದಿದ್ದ ಆ ಲೆಕ್ಕ ಸಿಕ್ಕಿದ್ದು ಕಾಲರಾ ಮಂಚದಿಂದ. ಅದು ಕ್ಯಾನ್ವಾಸಿನ ಸಾಧಾರಣ ಮಂಚ. ನಡುವೆ ಒಂದು ತೂತು, ಅದಕ್ಕೆ ಹೊಂದಿಸಿದ ಪ್ಲಾಸ್ಟಿಕ್ ಹಾಳೆ, ಕೆಳಗೊಂದು ಬಕೆಟ್. ರೋಗಿಯಿಂದ ಹೊರಬಂದ ದ್ರವವೆಲ್ಲ ಬಕೆಟ್ಟಿಗೇ ಇಳಿಯುವುದರಿಂದ ಗಂಟೆಗಂಟೆಗೂ ನಷ್ಟವನ್ನು ಅಳೆಯಬಹುದು, ಅಳತೆಗೆ ತಕ್ಕಂತೆ ಕುಡಿಸಬಹುದು. 1968ರಲ್ಲಿ ಢಾಕಾದ ಕಾಲರಾ ಸಂಶೋಧನಾ ಪ್ರಯೋಗಾಲಯದ ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಷ್ ಇದನ್ನೇ ಮಾಡಿದರು. ಎಷ್ಟು ಹೋಯಿತೋ ಅಷ್ಟು ಗ್ಲುಕೋಸ್-ಲವಣದ ನೀರನ್ನು ಕುಡಿಸಿದಾಗ, ರಕ್ತನಾಳಕ್ಕೆ ಕೊಡಬೇಕಾದ ದ್ರವದ ಅಗತ್ಯ ಸುಮಾರು ಶೇ. 80ರಷ್ಟು ಇಳಿಯಿತು. ಪಾನೀಯವೊಂದು ದೇಹದಲ್ಲಿ ಉಳಿಯುವುದೇ ಎಂಬ ಪ್ರಶ್ನೆಗೆ ಪ್ರಾಣವನ್ನೇ ಪಣಕ್ಕಿಟ್ಟು ಕೊಟ್ಟ ಉತ್ತರ ಇದು.

ಪ್ರಯೋಗಾಲಯದ ಹೊರಗೆ ಈ ಪಾನೀಯದ ಪರೀಕ್ಷೆ ನಡೆದದ್ದು 1971ರಲ್ಲಿ, ಬಾಂಗ್ಲಾದೇಶದ ವಿಮೋಚನಾ ಯುದ್ಧದ ನಿರಾಶ್ರಿತರು ತುಂಬಿದ್ದ ಬನಗಾಂವ್ ಶಿಬಿರದಲ್ಲಿ. ರಕ್ತನಾಳಕ್ಕೆ ಕೊಡುವ ದ್ರವ ಮುಗಿಯುತ್ತ ಬಂದಾಗ ವೈದ್ಯ ದಿಲೀಪ್ ಮಹಾಲನಬೀಸ್ ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲುಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಎಂಬ ಅಳತೆಯ ಪುಡಿಯನ್ನು ಕಲ್ಕತ್ತೆಯಲ್ಲಿ ಪ್ಯಾಕೆಟ್ ಮಾಡಿಸಿ ತರಿಸಿದರು. ನಲ್ಲಿ ಜೋಡಿಸಿದ ಡ್ರಮ್ಮುಗಳಲ್ಲಿ ಅದನ್ನು ಕರಗಿಸಿಡಲಾಯಿತು. ರೋಗಿಗಳ ಮನೆಯವರೇ ಲೋಟದಲ್ಲಿ ಹಿಡಿದು ಕುಡಿಸಿದರು. ಶೇ. 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇ. 3ರ ಹತ್ತಿರಕ್ಕೆ ಇಳಿಯಿತು. ಮುಂದೆ ವಿಶ್ವ ಆರೋಗ್ಯ ಸಂಸ್ಥೆ ಇಂಥ ದ್ರಾವಣಕ್ಕೆ ಒಂದೇ ಸೂತ್ರವನ್ನು ಗೊತ್ತುಪಡಿಸಿತು. ಲೀಟರಿಗೆ 90 ಮಿಲಿಮೋಲ್ ಇದ್ದ ಸೋಡಿಯಂ 2002ರ ಪರಿಷ್ಕರಣೆಯಲ್ಲಿ 75ಕ್ಕೆ ಬಂತು, ದ್ರಾವಣದ ಒಟ್ಟು ಸಾಂದ್ರತೆ 311ರಿಂದ 245 ಮಿಲಿಆಸ್ಮೋಲಿಗೆ ಇಳಿಯಿತು. ರಕ್ತಕ್ಕಿಂತ ತುಸು ತೆಳುವಾದ ದ್ರಾವಣ ಕರುಳಿನಿಂದ ಹೆಚ್ಚು ಚೆನ್ನಾಗಿ ಒಳಸೇರುತ್ತದೆ ಎಂಬ ಅನುಭವ ಈ ಬದಲಾವಣೆಯ ಹಿಂದಿತ್ತು. ಇಂದು ಔಷಧಿ ಅಂಗಡಿಯಲ್ಲಿ ಓಆರ್‌ಎಸ್ ಎಂದು ಕೇಳಿ ಕೊಳ್ಳುವ ಪೊಟ್ಟಣದ ಪೂರ್ವಕಥೆ ಇದು.

ಇದಕ್ಕೆ ಸಮಾನಾಂತರವಾಗಿ ಆಟದ ಮೈದಾನದಲ್ಲಿ ಇನ್ನೊಂದು ಧಾರೆ ಹರಿಯುತ್ತಿತ್ತು. 1965ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ರಾಬರ್ಟ್ ಕೇಡ್ ಮತ್ತು ಸಹೋದ್ಯೋಗಿಗಳು ಅಲ್ಲಿನ ಫುಟ್‌ಬಾಲ್ ತಂಡಕ್ಕಾಗಿ ಸಕ್ಕರೆ, ಉಪ್ಪು ಬೆರೆತ ಗೇಟೊರೇಡ್ ಪಾನೀಯವನ್ನು ಸಿದ್ಧಪಡಿಸಿದರು. ಬಾಟಲಿ ಮಾರುಕಟ್ಟೆಗೆ ಬಂದ ಮೇಲೆ ಪಾನೀಯಗಳ ಹೋಲಿಕೆ ವ್ಯಾಪಾರದ ಪ್ರಶ್ನೆಯೂ ಆಯಿತು. ಗಟ್ಟಿಯಾದ ಉತ್ತರ ಬರಲು ಮತ್ತೆ ಮೂರು ದಶಕ ಬೇಕಾಯಿತು. 1996ರಲ್ಲಿ ಸೂಸನ್ ಶಿರೆಫ್ಸ್, ರೊನಾಲ್ಡ್ ಮಾನ್ ಮತ್ತು ಸಂಗಡಿಗರು, ವ್ಯಾಯಾಮದಿಂದ ದೇಹತೂಕದ ಸುಮಾರು ಶೇ. 2ರಷ್ಟು ಬೆವರಿದವರಿಗೆ, ಕಳೆದುಕೊಂಡ ತೂಕದ ಅರ್ಧದಷ್ಟರಿಂದ ಎರಡರಷ್ಟರವರೆಗೆ ಪಾನೀಯ ಕುಡಿಸಿ ನೋಡಿದರು. ಸೋಡಿಯಂ ಕಡಿಮೆಯಿದ್ದಾಗ ಎರಡರಷ್ಟು ಕುಡಿದರೂ ಹೆಚ್ಚಿನದೆಲ್ಲ ಮೂತ್ರವಾಗಿ ಹೋಯಿತು. ಸೋಡಿಯಂ ಸಾಕಷ್ಟಿದ್ದು ನಷ್ಟದ ಒಂದೂವರೆಯಷ್ಟು ಕುಡಿದವರಲ್ಲಿ ನೀರಿನ ಸಮತೋಲ ಉಳಿಯಿತು. ಮರುವರ್ಷ ಅವರಿಬ್ಬರೇ, ಬೆವರಿದ ಮೇಲೆ ಬಿಯರ್ ಕುಡಿದರೆ ಏನಾಗುತ್ತದೆ ಎಂದು ಪರೀಕ್ಷಿಸಿ, ಮದ್ಯಾಂಶ ಶೇ. 4 ಇದ್ದಾಗ ಚೇತರಿಕೆ ನಿಧಾನವಾಗುವುದನ್ನು ಕಂಡರು. 2007ರಲ್ಲಿ ಕೆನೆ ತೆಗೆದ ಹಾಲಿನ ಸರದಿ ಬಂತು. ನೀರು ಮತ್ತು ಕ್ರೀಡಾ ಪಾನೀಯ ಕುಡಿದವರು ಬೇಗನೆ ಮತ್ತೆ ಕೊರತೆಗೆ ಜಾರಿದರು, ಹಾಲು ಕುಡಿದವರು ಜಾರಲಿಲ್ಲ.

ಎಳನೀರನ್ನೂ ಪ್ರಯೋಗಾಲಯ ಬಿಡಲಿಲ್ಲ. 2002ರಲ್ಲಿ ಮಲೇಷ್ಯಾದ ಸಂಶೋಧಕರು ಬೆವರಿದ ಎಂಟು ಮಂದಿಗೆ ಎಳನೀರು, ಕ್ರೀಡಾ ಪಾನೀಯ, ಬರಿಯ ನೀರು ಇವನ್ನು ಬೇರೆ ಬೇರೆ ದಿನ ಕುಡಿಸಿದರು. ಮರುಜಲಪೂರಣದಲ್ಲಿ ಮೂರಕ್ಕೂ ದೊಡ್ಡ ಅಂತರ ಕಾಣಲಿಲ್ಲ. ಎಳನೀರು ಹೊಟ್ಟೆ ತೊಳಸದೆ ಹೆಚ್ಚು ಪ್ರಮಾಣದಲ್ಲಿ ಕುಡಿಯಲು ಹಿತವೆನಿಸಿತು. ಅದರಲ್ಲಿ ಪೊಟ್ಯಾಶಿಯಂ ಹೇರಳ, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೆಚ್ಚಾಗಿ ಹೋಗುವುದು ಸೋಡಿಯಂ ಆದ್ದರಿಂದ, ಎಳನೀರಿನ ಜೊತೆಗೆ ಉಪ್ಪಿನಂಶವಿರುವ ಏನನ್ನಾದರೂ ತಿನ್ನುವುದು ಶರೀರಶಾಸ್ತ್ರಕ್ಕೆ ಒಪ್ಪುವ ಕ್ರಮ.

ಅಲ್ಲಿಯವರೆಗಿನ ಪರೀಕ್ಷೆಗಳಲ್ಲಿ ಒಂದರ ಅಳತೆ ಇನ್ನೊಂದಕ್ಕೆ ಕೂಡುತ್ತಿರಲಿಲ್ಲ. ಆಹಾರದ ವಿಷಯದಲ್ಲಿ ಈ ತೊಡಕನ್ನು ಟೊರಾಂಟೊದ ಡೇವಿಡ್ ಜೆಂಕಿನ್ಸ್ 1981ರಲ್ಲಿ, ರಕ್ತದ ಸಕ್ಕರೆಯ ಏರಿಕೆಯನ್ನು ಅಳೆಯುವ ಗ್ಲೈಸೀಮಿಕ್ ಸೂಚ್ಯಂಕದಿಂದ ಬಿಡಿಸಿದ್ದರು. ಅದೇ ಮಾದರಿಯಲ್ಲಿ ಮಾನ್ ಮತ್ತು ಸಂಗಡಿಗರು 2016ರಲ್ಲಿ ಪಾನೀಯ ಜಲಧಾರಣಾ ಸೂಚ್ಯಂಕವನ್ನು ಪ್ರಕಟಿಸಿದರು. ರಾತ್ರಿಯಿಂದ ಉಪವಾಸವಿದ್ದ, ಆದರೆ ನೀರಿನ ಕೊರತೆಯಿಲ್ಲದ 72 ಗಂಡಸರು ಬೆಳಿಗ್ಗೆ ಪ್ರಯೋಗಾಲಯಕ್ಕೆ ಬಂದು ಮೂತ್ರಕೋಶ ಖಾಲಿ ಮಾಡಿ ತೂಗಿಸಿಕೊಂಡರು. ಬಳಿಕ ಒಂದು ಲೀಟರ್ ಪಾನೀಯವನ್ನು ನಾಲ್ಕು ಸಮಪಾಲು ಮಾಡಿ ಅರ್ಧ ಗಂಟೆಯಲ್ಲಿ ಕುಡಿದರು. ಮುಂದಿನ ನಾಲ್ಕು ಗಂಟೆ ಅವರ ಮೂತ್ರವನ್ನೆಲ್ಲ ಶೇಖರಿಸಿ ತೂಗಲಾಯಿತು. ಹದಿಮೂರು ಪಾನೀಯಗಳಿದ್ದವು: ನೀರು, ಸೋಡಾನೀರು, ಕೋಲಾ, ಡಯಟ್ ಕೋಲಾ, ಕ್ರೀಡಾ ಪಾನೀಯ, ಓಆರ್‌ಎಸ್, ಕಿತ್ತಳೆ ರಸ, ಬಿಯರ್, ಕಾಫಿ, ಬಿಸಿ ಚಹಾ, ತಣ್ಣನೆಯ ಚಹಾ, ಕೆನೆಹಾಲು, ಕೆನೆ ತೆಗೆದ ಹಾಲು. ಒಬ್ಬೊಬ್ಬರೂ ನೀರನ್ನೂ ಇತರ ಕೆಲವು ಪಾನೀಯಗಳನ್ನೂ ಬೇರೆ ಬೇರೆ ದಿನ ಕುಡಿದರು. ನೀರು ಕುಡಿದಾಗ ಬಂದ ಮೂತ್ರವನ್ನು ಆಯಾ ಪಾನೀಯ ಕುಡಿದಾಗ ಬಂದ ಮೂತ್ರದಿಂದ ಭಾಗಿಸಿದರೆ ಸೂಚ್ಯಂಕ ಸಿಗುತ್ತದೆ. ನೀರಿನದು 1. ಅದಕ್ಕಿಂತ ಹೆಚ್ಚಿದ್ದಷ್ಟೂ ಧಾರಣೆ ಹೆಚ್ಚು.

ನಾಲ್ಕು ಗಂಟೆಯಲ್ಲಿ ನೀರು ಕುಡಿದವರಿಂದ ಬಂದದ್ದು ಸರಾಸರಿ 1337 ಗ್ರಾಂ, ಅಂದರೆ ಕುಡಿದ ಲೀಟರಿಗಿಂತಲೂ ಹೆಚ್ಚು. ಓಆರ್‌ಎಸ್ 1038, ಕೆನೆಹಾಲು 1052, ಕೆನೆ ತೆಗೆದ ಹಾಲು 1049 ಗ್ರಾಂ. ಎರಡನೆಯ ಗಂಟೆಯ ಸೂಚ್ಯಂಕ ಇವಕ್ಕೆ ಕ್ರಮವಾಗಿ 1.54, 1.50 ಮತ್ತು 1.58. ಕಾಫಿ, ಚಹಾ, ಕೋಲಾ, ಕ್ರೀಡಾ ಪಾನೀಯ, ಕೊನೆಗೆ ಬಿಯರ್ ಕೂಡ ನಾಲ್ಕು ಗಂಟೆಯ ಲೆಕ್ಕದಲ್ಲಿ ನೀರಿಗಿಂತ ಭಿನ್ನವಾಗಿರಲಿಲ್ಲ. ಕಾಫಿಯ ಮೇಲಿದ್ದ ಹಳೆಯ ಆರೋಪ ಇದಕ್ಕೆ ಎರಡು ವರ್ಷ ಮೊದಲೇ ಸಡಿಲವಾಗಿತ್ತು. ನಿತ್ಯ ಕಾಫಿ ಕುಡಿಯುವ 50 ಗಂಡಸರಿಗೆ ಬರ್ಮಿಂಗ್‌ಹ್ಯಾಮ್‌ನ ಸಂಶೋಧಕರು ದಿನಕ್ಕೆ 200 ಮಿಲಿಲೀಟರಿನ ನಾಲ್ಕು ಕಪ್‌ನಂತೆ ಮೂರು ದಿನ ಕಾಫಿ ಕೊಟ್ಟು, ದೇಹದ ಒಟ್ಟು ನೀರನ್ನು ಭಾರಜಲದ ಗುರುತಿನಿಂದ ಅಳೆದಾಗ, ನೀರು ಕುಡಿದ ದಿನಗಳಿಗೂ ಕಾಫಿ ಕುಡಿದ ದಿನಗಳಿಗೂ ವ್ಯತ್ಯಾಸ ಕಂಡಿರಲಿಲ್ಲ.

ಹಾಲು ಮೇಲೆ ಬಂದದ್ದಕ್ಕೆ ಕಾರಣ ಒಂದಕ್ಕಿಂತ ಹೆಚ್ಚು ಬಾಗಿಲುಗಳಲ್ಲಿ ಹಂಚಿದೆ. ಅದರ ಪ್ರೋಟೀನು, ಸಕ್ಕರೆ, ಕೊಬ್ಬು ಜಠರವನ್ನು ನಿಧಾನ ಮಾಡುತ್ತವೆ, ಹಾಗಾಗಿ ರಕ್ತ ಒಮ್ಮೆಲೇ ತೆಳುವಾಗುವುದಿಲ್ಲ. ಅದರ ಸೋಡಿಯಂ, ಪೊಟ್ಯಾಶಿಯಂ ನೀರನ್ನು ಹಿಡಿದಿಡುತ್ತವೆ. ಓಆರ್‌ಎಸ್ ಗೆಲ್ಲುವುದು ಬಹುಪಾಲು ಉಪ್ಪಿನ ಬಲದಿಂದ. ಒಂದೇ ಅಂಕ ಎರಡು ಬೇರೆ ದಾರಿಗಳಿಂದ ಬಂದಿದೆ ಎಂಬುದನ್ನು ಮರೆತರೆ ಸೂಚ್ಯಂಕ ದಾರಿತಪ್ಪಿಸುತ್ತದೆ. ಭೇದಿಯಾದ ಮಗುವಿಗೆ ಬೇಕಾದದ್ದು ಬೇಗ ರಕ್ತ ಸೇರುವ ದ್ರವ. ಜಠರದಲ್ಲಿ ತಡೆದು ನಿಂತು ಗಳಿಸಿದ ಅಂಕದಿಂದ ಅದಕ್ಕೆ ಪ್ರಯೋಜನವಿಲ್ಲ. ಹಾನಿಗೊಂಡ ಕರುಳಿಗೆ ಹಾಲಿನ ಸಕ್ಕರೆಯನ್ನು ಜೀರ್ಣಿಸುವುದೂ ಕಷ್ಟವಾಗಬಹುದು. ಪಟ್ಟಿಯಲ್ಲಿ ಹಾಲಿನ ಸ್ಥಾನ ಎಷ್ಟೇ ಮೇಲಿದ್ದರೂ ಅದು ಓಆರ್‌ಎಸ್‌ಗೆ ಬದಲಿಯಲ್ಲ.

ಪ್ರಯೋಗದ ಮಿತಿಗಳೂ ಇಷ್ಟೇ ಸ್ಪಷ್ಟ. ಪಾಲ್ಗೊಂಡವರು ಆರೋಗ್ಯವಂತ ಗಂಡಸರು, ಬೆವರದೆ ಕುಳಿತವರು, ಹಸಿದ ಹೊಟ್ಟೆಯವರು. ಊಟದ ಜೊತೆ ಕುಡಿದ ನೀರಿಗೆ ಊಟದ ಉಪ್ಪೇ ಸಿಗುತ್ತದೆ. ಆಗ ಪಾನೀಯಗಳ ನಡುವಿನ ಅಂತರ ಕಿರಿದಾಗುವುದು ಸಹಜ. ಹೆಂಗಸರನ್ನೂ ವಯಸ್ಸಾದವರನ್ನೂ ಸೇರಿಸಿಕೊಂಡ ಪರೀಕ್ಷೆಗಳು ಆಮೇಲೆ ಬಂದವು. ಮನೆಯಲ್ಲಿ ಭೇದಿ ಶುರುವಾದ ಕೂಡಲೇ ಕೊಡಬಹುದಾದ ದ್ರವಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಉಪ್ಪು ಹಾಕಿದ ಗಂಜಿ ತಿಳಿಯನ್ನೂ ಉಪ್ಪು ಹಾಕಿದ ಮೊಸರಿನ ಪಾನೀಯವನ್ನೂ ಹೆಸರಿಸಿದೆ. ಕನ್ನಡ ನಾಡಿನ ಅಡುಗೆಮನೆಗಳಲ್ಲಿ ಇವು ಗಂಜಿ ಮತ್ತು ನೀರುಮಜ್ಜಿಗೆ. ಮಾನ್ ಅವರ ಹದಿಮೂರು ಪಾನೀಯಗಳಲ್ಲಿ ಇವೆರಡೂ ಇರಲಿಲ್ಲ.