ಸಂಗ್ಯಾ ಬಾಳ್ಯಾ ಮತ್ತು ಬೈಲಹೊಂಗಲ ಸೀಮೆಯ ಲಾವಣಿಗಳು

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯಲ್ಲಿ ಹುಟ್ಟಿದ ಹಾಡು-ಆಟಗಳಲ್ಲಿ ನಾಡಿನಾದ್ಯಂತ ಹೆಸರಾದದ್ದು ‘ಸಂಗ್ಯಾ ಬಾಳ್ಯಾ’ ಸಣ್ಣಾಟ. ಬೈಲಹೊಂಗಲದಲ್ಲಿ 19ನೆಯ ಶತಮಾನದಲ್ಲಿ ನಡೆದ ಕೊಲೆಯೊಂದು ಇದರ ವಸ್ತು. ಅಲ್ಲಿನ ಪತ್ತಾರ ಮಾಸ್ತರರು ಇದನ್ನು ಕಟ್ಟಿದರೆಂದು ಹೇಳುತ್ತಾರೆ. ಮಾಸ್ತರರ ಹೆಸರು ಜನರ ಬಾಯಲ್ಲಿ ಉಳಿದದ್ದು ಈ ಒಂದೇ ಕೃತಿಯಿಂದ.

ಕಥೆ ಮತ್ತು ಪ್ರಯೋಗ: ಸಾಹುಕಾರ ಸಂಗ್ಯಾ, ಈರಣ್ಣನ ಹೆಂಡತಿ ಗಂಗಾಳಿಗೆ ಮನಸೋಲುತ್ತಾನೆ. ಮುದುಕಿ ಪಾರಮ್ಮ ಇಬ್ಬರ ನಡುವೆ ಮಾತು ಮುಟ್ಟಿಸುತ್ತಾಳೆ. ಈರಣ್ಣ ವ್ಯಾಪಾರಕ್ಕೆಂದು ಪರಊರಿಗೆ ಹೋದಾಗ ಸಂಬಂಧ ಬೆಳೆಯುತ್ತದೆ. ಸುದ್ದಿ ತಿಳಿದ ಈರಣ್ಣನೂ ಅವನ ತಮ್ಮಂದಿರೂ ಸಂಗ್ಯಾನ ಜೀವದ ಗೆಳೆಯ ಬಾಳ್ಯಾನನ್ನೇ ಒಲಿಸಿಕೊಂಡು ಸಂಗ್ಯಾನನ್ನು ಕೊಲ್ಲುತ್ತಾರೆ. ದೇವರು, ರಾಕ್ಷಸರು, ಕಿರೀಟ, ಭುಜಕೀರ್ತಿಗಳ ದೊಡ್ಡಾಟಕ್ಕೆ ಹೋಲಿಸಿದರೆ ಇದು ಕಂಡುಂಡ ಊರಿನ ಕಥೆ, ಆಡುಮಾತಿನ ಆಟ. ಪಾತ್ರಧಾರಿ ನಿಂತು ಹಾಡುತ್ತಾನೆ, ಮೇಳದವರು ಪಲ್ಲವಿ ಎತ್ತಿಕೊಳ್ಳುತ್ತಾರೆ. ಹಾಡು ಮುಗಿದ ಮೇಲೆ ಅದೇ ಸಂಗತಿ ಊರ ಭಾಷೆಯ ಮಾತಿನಲ್ಲಿ ಮುಂದುವರಿಯುತ್ತದೆ.

ಫ್ಲೀಟ್ ಸಂಗ್ರಹ: ಈ ಕಥೆ ಲಾವಣಿಯಾಗಿಯೂ ಪ್ರಚಾರದಲ್ಲಿತ್ತು. ಮುಂಬಯಿ ಪ್ರಾಂತದ ಅಧಿಕಾರಿಯೂ ಶಾಸನತಜ್ಞನೂ ಆಗಿದ್ದ ಜೆ.ಎಫ್. ಫ್ಲೀಟ್ (1847–1917) 1885ರಿಂದ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಕೆಲವು ಕನ್ನಡ ಲಾವಣಿಗಳನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ. ಅವುಗಳಲ್ಲಿ ಸಂಗ್ಯಾನ ಅಪರಾಧ ಮತ್ತು ಸಾವಿನ ಹಾಡೂ ಇತ್ತು. ಜೊತೆಗಿದ್ದ ಸಂಗೊಳ್ಳಿ ರಾಯಣ್ಣನ ದಂಗೆಯ ಲಾವಣಿ ಬೈಲಹೊಂಗಲ ತಾಲ್ಲೂಕಿನದೇ ವೀರನ ಕಥೆ. ಕಿತ್ತೂರು ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡ ಬಳಿಕ ರಾಯಣ್ಣ ಹೋರಾಟ ಹೂಡಿದ. 1831ರಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ಅದೇ ಸಂಗ್ರಹದಲ್ಲಿದ್ದ, ಮುಧೋಳ ಕಡೆಯ ಹಲಗಲಿ ಬೇಡರ 1857ರ ದಂಗೆಯ ಲಾವಣಿ ಪಠ್ಯಪುಸ್ತಕಗಳ ಮೂಲಕ ಮನೆಮಾತಾಯಿತು.

ಹೆಚ್ಚು ಕೇಳಿಬರದ ಹಾಡುಗಳು: ಇದೇ ಸಂಗ್ರಹದಲ್ಲಿ ವರಮಾನ ತೆರಿಗೆ ಹೇರಿದ್ದರ ಮೇಲೊಂದು ಲಾವಣಿ ಇದೆ. 1857ರ ದಂಗೆಯಿಂದ ಬರಿದಾದ ಬೊಕ್ಕಸ ತುಂಬಲು ಸರ್ಕಾರ ಈ ತೆರಿಗೆಯನ್ನು ಭಾರತದಲ್ಲಿ ಮೊದಲ ಬಾರಿಗೆ ಹಾಕಿದ್ದು 1860ರಲ್ಲಿ. ಯುದ್ಧ, ಪ್ರಣಯಗಳಿಗೆ ಮೀಸಲೆನಿಸಿದ್ದ ಲಾವಣಿಯ ಮಟ್ಟಿನಲ್ಲಿ ಸರ್ಕಾರಿ ಲೆಕ್ಕಾಚಾರವನ್ನು ಕೂಡಿಸಿದ್ದೇ ಇದರ ವೈಶಿಷ್ಟ್ಯ. ಇಂಥ ವಾದ, ವಿಡಂಬನೆಗಳು ಹರದೇಶಿ-ನಾಗೇಶಿ ಪಂಗಡಗಳ ಗೀಗೀ ಮೇಳಗಳಲ್ಲಿ ಮುಂದುವರಿದವು. ದಪ್ಪು, ತುಂತುಣಿ, ತಾಳ ಹಿಡಿದು, ಒಂದು ಪಂಗಡ ಗಂಡು ಹೆಚ್ಚೆಂದರೆ ಇನ್ನೊಂದು ಹೆಣ್ಣು ಹೆಚ್ಚೆಂದು ಸವಾಲು-ಜವಾಬಿನಲ್ಲಿ ಬೆಳಗು ಹರಿಸುತ್ತಾರೆ. ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ ಜೋಗತಿಯರು, ಜೋಗಪ್ಪಗಳು ಹಾಡುವ ಚೌಡಿಕೆ ಪದಗಳದು ಬೇರೆಯೇ ಪರಂಪರೆ.

ಈಚೆಗೆ: ‘ಸಂಗ್ಯಾ ಬಾಳ್ಯಾ’ವನ್ನು ಆಧುನಿಕ ಓದುಗರಿಗೂ ರಂಗಭೂಮಿಗೂ ಪರಿಚಯಿಸಿದವರಲ್ಲಿ ಚಂದ್ರಶೇಖರ ಕಂಬಾರರು ಮುಖ್ಯರು. 1992ರಲ್ಲಿ ಸುಂದರಕೃಷ್ಣ ಅರಸ್ ನಿರ್ದೇಶನದಲ್ಲಿ ಇದೇ ಹೆಸರಿನ ಚಲನಚಿತ್ರ ಬಂತು. ರಾಯಣ್ಣನೂ 2012ರಲ್ಲಿ ತೆರೆಗೆ ಬಂದ. ತೆರಿಗೆಯ ಲಾವಣಿಗೆ ಅಂಥ ಭಾಗ್ಯ ಒದಗಲಿಲ್ಲ. ಆದರೂ ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಹೋಗಿ ಇಂಗ್ಲೆಂಡಿನ ರಾಣಿಯ ಆಡಳಿತ ಬಂದ ಕಾಲದಲ್ಲಿ ಜನ ಏನೇನು ಹಾಡಿಕೊಂಡರು ಎಂದು ತಿಳಿಯಲು ಹೆಸರಾದ ಸಣ್ಣಾಟದಷ್ಟೇ ಅದೂ ಬೆಲೆಯುಳ್ಳ ಆಧಾರ.