ಅಂಬೋಲಿಯ ಮಳೆ, ಗೋಕಾಕದ ನೆರೆ: ಕಂಪ್ಯೂಟರ್ ಮುನ್ಸೂಚನೆ ಓದುವುದು ಹೇಗೆ?

ನಮ್ಮ ಹುಕ್ಕೇರಿ ಭಾಗದ ಹಿರಿಯರು ಮಳೆಯನ್ನು ನಕ್ಷತ್ರದ ಲೆಕ್ಕದಲ್ಲಿ ಹೇಳುತ್ತಾರೆ. ಮಿರಗಕ್ಕೆ ಬಿತ್ತನೆ, ಆಶ್ಲೇಷಕ್ಕೆ ಹೊಳೆಯ ಭಯ. ಒಂದು ನಕ್ಷತ್ರ ಅಂದರೆ 13-14 ದಿನ. ಈಗ ಮೊಬೈಲ್‌ನಲ್ಲಿ ಹತ್ತು ದಿನದ ಮಳೆ ಮಿಲಿಮೀಟರ್ ಲೆಕ್ಕದಲ್ಲಿ ಬರುತ್ತದೆ. ಆದರೆ 40 ಮಿ.ಮೀ. ಅಂತ ತೋರಿಸಿದ ದಿನ ಊರಲ್ಲಿ ಹನಿಯೂ ಬೀಳುವುದಿಲ್ಲ. ಮಳೆಯೇ ಇಲ್ಲ ಅಂದ ದಿನ ಹೊಳೆ ತುಂಬಿ ಬರುತ್ತದೆ. ಯಾಕೆ ಹೀಗೆ? ಉತ್ತರಕ್ಕೆ ಸ್ವಲ್ಪ ಇತಿಹಾಸ ನೋಡಬೇಕು.

ಲೆಕ್ಕ ಹಾಕಿ ಹವಾಮಾನ ಹೇಳಬಹುದು ಎಂದು ಮೊದಲು ಕೈಯಿಂದಲೇ ಪ್ರಯತ್ನಿಸಿದವರು ಇಂಗ್ಲೆಂಡಿನ ಲೂಯಿಸ್ ರಿಚರ್ಡ್‌ಸನ್. 1922ರಲ್ಲಿ ಅವರು ಪ್ರಕಟಿಸಿದ ಲೆಕ್ಕ ಪೂರ್ತಿ ತಪ್ಪಿತ್ತು, ದಾರಿ ಸರಿ ಇತ್ತು. 1950ರಲ್ಲಿ ಅಮೆರಿಕದ ಎನಿಯಾಕ್ ಕಂಪ್ಯೂಟರ್ 24 ಗಂಟೆಯ ಮುನ್ಸೂಚನೆ ಕೊಡಲು ಸುಮಾರು 24 ಗಂಟೆಯೇ ತೆಗೆದುಕೊಂಡಿತು. 1979ರಲ್ಲಿ ಯುರೋಪಿನ ಕೇಂದ್ರವೊಂದು ಹಲವು ದಿನ ಮುಂದಿನ ಹವಾಮಾನವನ್ನು ನಿಯಮಿತವಾಗಿ ಹೇಳಲು ಶುರುಮಾಡಿತು.

ನಮ್ಮ ದೇಶದಲ್ಲಿ 1987ರ ಭೀಕರ ಬರದ ಮರುವರ್ಷ, 1988ರಲ್ಲಿ, ರಾಷ್ಟ್ರೀಯ ಮಧ್ಯಮಾವಧಿ ಹವಾಮಾನ ಮುನ್ಸೂಚನಾ ಕೇಂದ್ರ ಹುಟ್ಟಿತು. ಅಮೆರಿಕದಿಂದ ಕ್ರೇ ಸೂಪರ್ ಕಂಪ್ಯೂಟರ್ ತರಿಸಲಾಯಿತು. ಮೂರರಿಂದ ಹತ್ತು ದಿನದ ಮುಂಚೆ ರೈತನಿಗೆ ಹೇಳಬೇಕು ಎಂಬುದು ಅದರ ಮುಖ್ಯ ಗುರಿಗಳಲ್ಲಿ ಒಂದು.

ಕಂಪ್ಯೂಟರ್ ಭೂಮಿಯನ್ನು ಚೌಕಗಳಾಗಿ ಹಂಚಿಕೊಂಡು ಒಂದೊಂದು ಚೌಕಕ್ಕೆ ಒಂದೊಂದು ಮಳೆಯ ಅಂಕಿ ಕೊಡುತ್ತದೆ. 1990ರ ದಶಕದ ಭಾರತದ ಮಾದರಿಯಲ್ಲಿ ಒಂದು ಚೌಕದ ಅಗಲ ಸುಮಾರು 150 ಕಿ.ಮೀ. ಇದನ್ನು ನಮ್ಮ ನೆಲಕ್ಕೆ ಹೋಲಿಸಿ ನೋಡಿ. ಹಿರಣ್ಯಕೇಶಿ ಹುಟ್ಟುವ ಅಂಬೋಲಿಯಿಂದ ಗೋಕಾಕಕ್ಕೆ ನೇರ ದೂರ 90 ಕಿ.ಮೀ. ಆಸುಪಾಸು. ಅಂಬೋಲಿಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ. ಗೋಕಾಕ, ಮೂಡಲಗಿ ಕಡೆ ಅದರ ಹತ್ತನೇ ಒಂದು ಪಾಲೂ ಬೀಳುವುದಿಲ್ಲ. ಎರಡೂ ಊರು ಒಂದೇ ಚೌಕದಲ್ಲಿ ಸೇರಿದರೆ ಬರುವ ಸರಾಸರಿ ಅಂಬೋಲಿಗೂ ಸಲ್ಲದು, ಗೋಕಾಕಕ್ಕೂ ಸಲ್ಲದು.

ಆದ್ದರಿಂದ ಅಂಕಿಯನ್ನು ಓದಿ ಹೇಳುವ ಮನುಷ್ಯ ಬೇಕಾಯಿತು. 1991ರಿಂದ ಕೃಷಿ ಹವಾಮಾನ ಸಲಹಾ ಘಟಕಗಳು ಶುರುವಾದವು. ನಮ್ಮ ಕಡೆಗೆ ಈ ಕೆಲಸ ಧಾರವಾಡ ಕೃಷಿ ವಿಶ್ವವಿದ್ಯಾಲಯದಿಂದ ನಡೆಯುತ್ತದೆ. 2008ರಲ್ಲಿ ಜಿಲ್ಲಾವಾರು ಮುನ್ಸೂಚನೆ ಬಂತು. 2018ಕ್ಕೆ ಚೌಕ 12 ಕಿ.ಮೀ.ಗೆ ಇಳಿಯಿತು, 2025ರಲ್ಲಿ 6 ಕಿ.ಮೀ.ಗೆ. 2024ರ ಅಕ್ಟೋಬರ್‌ನಿಂದ ಗ್ರಾಮ ಪಂಚಾಯಿತಿ ಮಟ್ಟದ ಮುನ್ಸೂಚನೆಯೂ ಸಿಗುತ್ತಿದೆ.

ಚೌಕ ಸಣ್ಣದಾದರೂ ಇನ್ನೊಂದು ತೊಡಕು ಉಳಿಯಿತು. 1961ರಲ್ಲಿ ಅಮೆರಿಕದ ಎಡ್ವರ್ಡ್ ಲೊರೆಂಜ್ 0.506127 ಎಂಬ ಅಂಕಿಯ ಬದಲು 0.506 ಎಂದಷ್ಟೇ ಕಂಪ್ಯೂಟರ್‌ಗೆ ಕೊಟ್ಟರು. ಅಷ್ಟಕ್ಕೇ ಮುಂದಿನ ಹವಾಮಾನ ಪೂರ್ತಿ ಬೇರೆಯಾಯಿತು. ಅದಕ್ಕೇ ಈಗ ಆರಂಭದ ಅಂಕಿಗಳನ್ನು ಚೂರುಚೂರು ಬದಲಿಸಿ ಅದೇ ಲೆಕ್ಕವನ್ನು ಹಲವು ಸಲ ಹಾಕುತ್ತಾರೆ. 2018ರಲ್ಲಿ ಶುರುವಾದ ಭಾರತದ ಇಂಥ ವ್ಯವಸ್ಥೆಯಲ್ಲಿ 21 ಲೆಕ್ಕಗಳಿವೆ. 21ರಲ್ಲಿ 18 ಲೆಕ್ಕ ಭಾರಿ ಮಳೆ ಅಂದರೆ ನಂಬಿಕೆ ಹೆಚ್ಚು. ಆರೇ ಅಂದರೆ ಕಾದು ನೋಡಬೇಕು. ಮೂರನೇ ದಿನದ ಮಾತಿಗೂ ಒಂಬತ್ತನೇ ದಿನದ ಮಾತಿಗೂ ಒಂದೇ ತೂಕ ಕೊಡಬಾರದು ಅನ್ನುವುದೂ ಇದಕ್ಕೇ.

ಹವಾಮಾನ ಇಲಾಖೆಯ ಪದಗಳಿಗೂ ಲೆಕ್ಕವಿದೆ. 'ಒಂದೆರಡು ಕಡೆ' ಅಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚಿಲ್ಲ. 'ಬಹುತೇಕ ಕಡೆ' ಅಂದರೆ ಮುಕ್ಕಾಲಿಗೂ ಹೆಚ್ಚು. 'ಭಾರಿ ಮಳೆ' ಅಂದರೆ 24 ಗಂಟೆಯಲ್ಲಿ 64.5 ಮಿ.ಮೀ. ಅಥವಾ ಮೇಲೆ. 'ಒಂದೆರಡು ಕಡೆ ಮಳೆ' ಎಂದ ದಿನ ನಿಮ್ಮ ಹೊಲ ಒಣಗಿದ್ದರೆ ಮುನ್ಸೂಚನೆ ಸುಳ್ಳಾಯಿತು ಅಂತಲ್ಲ.

ನಮಗೆ ಇದರಲ್ಲಿ ದೊಡ್ಡ ಪಾಠ ಕಲಿಸಿದ್ದು 2019ರ ಆಗಸ್ಟ್. ಘಟಪ್ರಭೆಯ ಹಿಡಕಲ್ ಜಲಾಶಯ ಹಿಡಿಯುವುದು 51 ಟಿಎಂಸಿ. ಘಟ್ಟದ ಮಳೆಗೆ ಅದು ತುಂಬಿತು. ಜಲಾಶಯಕ್ಕೆ ಬಾರದೆ ಕೆಳಗಡೆ ಸೇರುವ ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳೂ ಉಕ್ಕಿದವು. ಸಂಕೇಶ್ವರಕ್ಕೆ ನೀರು ನುಗ್ಗಿತು, ಗೋಕಾಕ ಮುಳುಗಿತು, ಲೋಳಸೂರ ಸೇತುವೆ ನೀರಿನಡಿ ಹೋಯಿತು. ಆ ನೀರು ಹೆಚ್ಚಾಗಿ ಬಂದಿದ್ದು ಮೇಲಿನಿಂದ.

ಆದ್ದರಿಂದ ನಮ್ಮ ಸಲಹೆ ಇಷ್ಟು. ಬಿತ್ತನೆಗೆ, ಗೊಬ್ಬರಕ್ಕೆ, ಔಷಧ ಸಿಂಪಡಣೆಗೆ ನಿಮ್ಮ ಪಂಚಾಯಿತಿಯ ಮುಂದಿನ ಮೂರು ದಿನದ ಮುನ್ಸೂಚನೆ ನೋಡಿ. ಹೊಳೆದಂಡೆಯಲ್ಲಿ ಮನೆ, ದನಕರು, ಪಂಪ್‌ಸೆಟ್ ಇದ್ದರೆ ಅದಷ್ಟೇ ಸಾಲದು. ಅಂಬೋಲಿ, ಆಜರಾ, ಚಂದಗಡ ಕಡೆಯ ಮುನ್ಸೂಚನೆಯನ್ನೂ ಹಿಡಕಲ್‌ನ ಅಂದಿನ ನೀರಿನ ಮಟ್ಟವನ್ನೂ ಜೊತೆಗಿಟ್ಟು ಓದಿ. ಘಟ್ಟಕ್ಕೆ ಸತತ ಭಾರಿ ಮಳೆ ಎಂದಿದ್ದು, ಜಲಾಶಯ ತುಂಬುತ್ತಾ ಬಂದಿದ್ದರೆ, ಊರಲ್ಲಿ ಬಿಸಿಲಿದ್ದರೂ ದನ ಮೇಲಕ್ಕೆ ಹೊಡೆಯಿರಿ, ಪಂಪ್‌ಸೆಟ್ ಎತ್ತಿಡಿ. ಅಧಿಕಾರಿಗಳು ಊರು ಬಿಡಿ ಎಂದಾಗ ಮೋಡ ನೋಡುತ್ತಾ ಕೂರಬೇಡಿ.